ಅರವತ್ತು ಲೀಟರ್ ವೈರಾಗ್ಯ

ಬೆನ್ನಿಗೆ ಹಾಕುವ ಚೀಲವನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ‘ಅಂಕಲ್‌ಗೆ 40 ಲೀಟರ್ ಸಾಕು’ ಎಂದ ಅಂಗಡಿಯ ಹುಡುಗ. ಅಂಕಲ್ ಎಂದ ಒಂದೇ ಕಾರಣಕ್ಕೆ 60 ಲೀಟರಿನ ಎರಡು ಚೀಲ ಕೊಂಡೆ. ಮನೆಯಲ್ಲಿ ನನ್ನಾಕೆ ಒಂದರ ಬಾಯಿ ಬಿಡಿಸಿ ಒಳಗೆ ಇಣುಕಿ, ‘ಅರವತ್ತು ಲೀಟರ್ ಅಂದ್ರೆ ಗೊಜ್ಜವಲಕ್ಕಿ ಎಷ್ಟು ಸೇರು ಹಿಡಿಯುತ್ತೆ?’ ಎಂದು ಕೇಳಿದಳು.

ನಾನು ಅವಳಿಗೆ ವೈರಾಗ್ಯದ ಪಾಠ ಮಾಡಿದೆ. ಪ್ಯಾಕೇಜ್ ಟೂರಿನವರು ಮ್ಯಾನೇಜರ್ ವಿಷಲ್ ಊದಿದಾಗ ಎದ್ದು, ವಿಷಲ್ ಊದಿದಾಗ ತಿಂದು, ಮತ್ತೊಂದು ವಿಷಲ್‌ಗೆ ಆನಂದಪಡುವುದನ್ನು ನಿಲ್ಲಿಸಿ ಬಸ್ ಹತ್ತುವ ಪಾಪದ ಜೀವಿಗಳು. ಬ್ಯಾಕ್‌ಪ್ಯಾಕರ್ ಹಾಗಲ್ಲ. ಅವನಿಗೆ ಗಡಿಯಾರವಿಲ್ಲ, ವೇಳಾಪಟ್ಟಿಯಿಲ್ಲ. ಮನಸ್ಸು ಬಂದಲ್ಲಿ ಇಳಿಯುತ್ತಾನೆ, ಮನಸ್ಸು ಬಂದಾಗ ಹೊರಡುತ್ತಾನೆ. ನಾವು ಅಂಡಮಾನಿಗೆ ಹೋಗುವುದು ಹೀಗೇ ಎಂದೆ.

‘ಬೆಳಿಗ್ಗೆ ಆರೂವರೆಗೆ ಕಾಫಿ ಬರದಿದ್ರೆ ಮನೆ ತಲೆ ಮೇಲೆ ಹೊತ್ಕೋತೀರಿ. ಈಗ ಅದರ ಜೊತೆ ಚೀಲಾನೂ ಹೊರ್ತೀರಾ?’ ಎಂದಳು. ಇಂಥ ಮಾತು ಕೇಳಿಸದಂತೆ ಇರುವುದೂ ವೈರಾಗ್ಯದ ಲಕ್ಷಣವೇ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನವಿದೆ. ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಎಂದಾಯಿತು, ಜನರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ. ಅಲ್ಲಿಂದ ಹ್ಯಾವ್ಲಾಕ್ ದ್ವೀಪಕ್ಕೆ ಖಾಸಗಿ ಹಡಗುಗಳು ಕಿಟಕಿ ಮುಚ್ಚಿಕೊಂಡು, ಏಸಿ ಹಾಕಿಕೊಂಡು ಹೋಗುತ್ತವೆ. ಸರ್ಕಾರಿ ಹಡಗು ಅಗ್ಗ, ಡೆಕ್ ಮೇಲೆ ನಿಂತು ಗಾಳಿ ಕುಡಿಯಬಹುದು. ನಿಜವಾದ ಯಾತ್ರಿಕ ಹೋಗುವುದು ಸರ್ಕಾರಿ ಹಡಗಿನಲ್ಲೇ ಎಂದು ಸಾರಿ, ಫೀನಿಕ್ಸ್ ಬೇ ಜೆಟ್ಟಿಯ ಸಾಲಿನಲ್ಲಿ ನಿಂತೆ. ಎಡಕ್ಕೆ ತಿರುಗಿದರೆ ನನ್ನ ಚೀಲ ಹಿಂದಿನವರ ಕನ್ನಡಕ ಬೀಳಿಸುತ್ತಿತ್ತು. ಕ್ಷಮೆ ಕೇಳಲೆಂದು ಬಲಕ್ಕೆ ತಿರುಗಿದರೆ ಇನ್ನೊಬ್ಬರದು.

ಅಷ್ಟರಲ್ಲಿ ಪಕ್ಕದಿಂದ ಕನ್ನಡ ಕೇಳಿಸಿತು. ಶಿವಮೊಗ್ಗ ಕಡೆಯ ಪ್ಯಾಕೇಜ್ ತಂಡ. ಒಟ್ಟು 36 ಜನ, ಅಷ್ಟೂ ತಲೆಗಳಿಗೆ ಕೇಸರಿ ಬಣ್ಣದ ಒಂದೇ ನಮೂನೆಯ ಟೋಪಿ. ಅವರನ್ನು ಕಾಯಲು ಕೊರಳಿಗೆ ವಿಷಲ್ ನೇತುಹಾಕಿಕೊಂಡ ಮ್ಯಾನೇಜರ್, ಸಾಕಲು ಒಬ್ಬರು ಅಡುಗೆ ಭಟ್ಟರು. ಯಾವುದರಿಂದ ತಪ್ಪಿಸಿಕೊಳ್ಳಲು ಬಂದಿದ್ದೆನೋ ಅದು ಎದುರಿಗೇ ಉಪ್ಪಿಟ್ಟು ತಿನ್ನುತ್ತಾ ನಿಂತಿತ್ತು. ‘ಕನ್ನಡ ಮಾತಾಡಬೇಡ’ ಎಂದು ನನ್ನಾಕೆಗೆ ಕಣ್ಣಲ್ಲೇ ಹೇಳಿದೆ. ಅಷ್ಟರಲ್ಲಾಗಲೇ ಅವಳ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯಿತ್ತು. ತಂಡದ ಅಜ್ಜಿಯೊಬ್ಬರು ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: ‘ಪಾಪ, ಇಷ್ಟು ಭಾರ ಬೆನ್ನ ಮೇಲೆ ಯಾಕಪ್ಪಾ ಹೊತ್ಕೊಂಡಿದೀಯ? ಚಕ್ರದ್ದು ಸಿಗಲಿಲ್ವಾ?’

ಹ್ಯಾವ್ಲಾಕ್‌ನಲ್ಲಿ ಕಡಲತೀರಗಳಿಗೆ ನಂಬರು, ಊರುಗಳಿಗೆ ದೇವರ ಹೆಸರು. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳನ್ನು ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಅವರ ಹಳ್ಳಿಗಳು ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ನಾನು ಮೊಬೈಲಿನಲ್ಲಿ ಹುಡುಕಿ ಗೊತ್ತುಮಾಡಿದ್ದ ಬಿದಿರಿನ ಗುಡಿಸಲು ಇದ್ದದ್ದು 5ನೇ ನಂಬರ್ ತೀರದಲ್ಲಿ. ಊರಿನ ಬೋರ್ಡು ಓದಿ ನನ್ನಾಕೆ ನಿಂತಲ್ಲೇ ನಿಂತಳು.

‘ವಿಜಯನಗರದ ಮನೆಗೆ ಬೀಗ ಹಾಕಿ, ವಿಮಾನ ಹತ್ತಿ, ಹಡಗು ಹತ್ತಿ, ಮತ್ತೆ ವಿಜಯನಗರಕ್ಕೇ ಕರ್ಕೊಂಡು ಬಂದ್ರಾ?’

ಗುಡಿಸಲಿನಿಂದ ಹತ್ತು ಹೆಜ್ಜೆಗೆ ಸಮುದ್ರ ಎಂದು ಜಾಹೀರಾತಿನಲ್ಲಿತ್ತು. ಸುಳ್ಳಲ್ಲ, ಬೆಳಿಗ್ಗೆ ಹತ್ತು ಹೆಜ್ಜೆಗೇ ಇತ್ತಂತೆ. ಮಧ್ಯಾಹ್ನ ನಾನು ಚಡ್ಡಿ ಹಾಕಿಕೊಂಡು, ಟವಲ್ ಹೆಗಲಿಗೇರಿಸಿ ಬರುವಷ್ಟರಲ್ಲಿ ಅದು ಹಿಂದಕ್ಕೆ ಸರಿದು, ಬಂಡೆ, ಸತ್ತ ಹವಳ, ಪಾಚಿ ಎಲ್ಲ ಬಟಾಬಯಲಾಗಿ, ಎಲ್ಲೋ ದೂರದಲ್ಲಿ ನೀಲಿ ಗೆರೆ ಕಾಣುತ್ತಿತ್ತು. ಬ್ಯಾಕ್‌ಪ್ಯಾಕರ್ ಸಮುದ್ರಕ್ಕಾಗಿ ಕಾಯುವುದುಂಟೇ? ನಾನೇ ಅದರ ಬಳಿಗೆ ಹೊರಟೆ. ಕಣಕಾಲು ಮುಳುಗಿತು. ಇನ್ನೂ ನಡೆದೆ. ಕಣಕಾಲೇ. ತೀರದಲ್ಲಿ ಕೂತು ನೋಡುತ್ತಿದ್ದ ವಿದೇಶಿಯರ ಮುಂದೆ ಹಾಗೇ ಹಿಂತಿರುಗುವುದು ಮಾನವಲ್ಲವೆಂದು ಅಲ್ಲೇ ಬೋರಲು ಮಲಗಿ ಎರಡೂ ಕೈ ಬಡಿದೆ. ಹೊಟ್ಟೆ ಮರಳಿಗೆ ಕೂತುಕೊಂಡಿತು. ಕಾಲು ಬಡಿದೆ, ಮಂಡಿ ತರಚಿತು.

‘ರೀ, ಅದು ಈಜೋದಾ, ತೆವಳೋದಾ?’ ಎಂದು ದಡದಿಂದ ಧ್ವನಿ ಬಂತು. ಗುಡಿಸಲಿನ ಬಂಗಾಳಿ ಮಾಲೀಕ ನನ್ನ ಮಂಡಿಗೆ ಹಚ್ಚಲು ಅರಿಸಿನ ತಂದು, ಹಿಂದಿಯಲ್ಲಿ ಸಮಾಧಾನ ಹೇಳಿದ: ‘ದಾದಾ, ಸಮುದ್ರ ರಾತ್ರಿ ಹತ್ತಕ್ಕೆ ವಾಪಸ್ ಬರುತ್ತೆ.’

ಮಾರನೆಯ ದಿನ 7ನೇ ನಂಬರ್, ಅಂದರೆ ರಾಧಾನಗರ. ಏಷ್ಯಾದಲ್ಲೇ ಅತ್ಯುತ್ತಮ ಕಡಲತೀರವೆಂದು ‘ಟೈಮ್’ ಪತ್ರಿಕೆ 2004ರಲ್ಲಿ ಹೊಗಳಿದ ಜಾಗ. ಸೂರ್ಯಾಸ್ತಕ್ಕೆ ಪ್ರಸಿದ್ಧ. ಬಾಡಿಗೆ ಸ್ಕೂಟರ್ ಹತ್ತಿ, ಅಡಿಕೆ ತೋಟ ಕಂಡಲ್ಲಿ ನಿಂತು, ಎಳನೀರು ಕಂಡಲ್ಲಿ ಕುಡಿದು, ಆರು ಗಂಟೆಗೆ ನಿಧಾನವಾಗಿ ತಲುಪಿದೆವು. ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂಕಾಲಿನ ಹೊತ್ತಿಗೆ, ನನ್ನ ಲೆಕ್ಕ ಪಕ್ಕಾ ಇತ್ತು. ಸೂರ್ಯನದು ತಪ್ಪಿತ್ತು. ಕಡಲತೀರದ ತುಂಬ ಕತ್ತಲೆ. ಕಾವಲುಗಾರ ವಿಷಲ್ ಊದುತ್ತಾ ಉಳಿದವರನ್ನು ಹೊರಗೆ ಅಟ್ಟುತ್ತಿದ್ದ. ಕೇಸರಿ ಟೋಪಿಗಳು ಸೂರ್ಯಾಸ್ತ ಮುಗಿಸಿಕೊಂಡು, ಬಾಯಿ ಒರೆಸಿಕೊಂಡು ವ್ಯಾನ್ ಹತ್ತುತ್ತಿದ್ದವು.

ಅವುಗಳಲ್ಲೊಂದು ಟೋಪಿಯ ಕೆಳಗೆ ನಿವೃತ್ತ ಭೂಗೋಳದ ಮೇಷ್ಟ್ರಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು: ‘ಬೆಂಗಳೂರಿನ ರೇಖಾಂಶ ಎಷ್ಟು?’

ನಾನು ತಲೆ ಕೆರೆದುಕೊಂಡೆ.

‘ಎಪ್ಪತ್ತೇಳೂವರೆ. ಇಲ್ಲಿಯದು ತೊಂಬತ್ತಮೂರು. ಡಿಗ್ರಿಗೆ ನಾಲ್ಕು ನಿಮಿಷ. ಗುಣಿಸಿ.’

ಹೆಬ್ಬೆರಳಿನಿಂದ ಗೆಣ್ಣು ಎಣಿಸಿ, ‘ಒಂದು ಗಂಟೆ ಸಾರ್’ ಎಂದೆ.

‘ಗಡಿಯಾರ ಇಡೀ ದೇಶಕ್ಕೆ ಒಂದೇ, 82.5 ಡಿಗ್ರೀದು. ಸೂರ್ಯ ಅದನ್ನ ನೋಡ್ಕೊಂಡು ಮುಳುಗಲ್ಲ. ಇಲ್ಲಿ ಒಂದು ಗಂಟೆ ಮೊದಲೇ ಹುಟ್ತಾನೆ, ಮೊದಲೇ ಹೋಗ್ತಾನೆ. ಕೂತ್ಕೊಳ್ಳಿ.’ ಕೊನೆಯ ಮಾತು ನಲವತ್ತು ವರ್ಷದ ಅಭ್ಯಾಸಬಲ. ನಾನೂ ಅಭ್ಯಾಸಬಲದಿಂದ ಸ್ಕೂಟರಿನ ಮೇಲೆ ಕೂತುಬಿಟ್ಟೆ.

ಆ ರಾತ್ರಿ ನನ್ನಾಕೆ ಭುಜ ಅಲುಗಾಡಿಸಿ ಎಬ್ಬಿಸಿದಳು. ‘ಶೆಲ್ಫ್ ಮೇಲಿದ್ದ ಚಿಪ್ಪು ನಡೀತಿದೆ.’ ಸಂಜೆ ದಡದಲ್ಲಿ ಸಿಕ್ಕಿದ ಒಂದು ಶಂಖವನ್ನು ಫೋಟೊ ತೆಗೆಯಲೆಂದು ತಂದಿಟ್ಟಿದ್ದೆ. ಅಂಡಮಾನಿನಿಂದ ಚಿಪ್ಪು, ಹವಳ ಹೊತ್ತೊಯ್ಯುವಂತಿಲ್ಲವಾದ್ದರಿಂದ ಬೆಳಿಗ್ಗೆ ಅಲ್ಲೇ ಇಟ್ಟು ಬರುವವನಿದ್ದೆ. ಟಾರ್ಚ್ ಹಾಕಿದರೆ ಶಂಖ ಶೆಲ್ಫಿನಿಂದ ಇಳಿದು, ನೆಲ ದಾಟಿ, ನನ್ನ ಬೂಟಿನ ಲೇಸು ಹತ್ತುತ್ತಿತ್ತು. ಬೆಳಕು ಬಿದ್ದೊಡನೆ ಒಳಗೆ ಸರಿದು, ನೇರಳೆ ಛಾಯೆಯ ದಪ್ಪ ಎಡಗಾಲನ್ನು ಬಾಗಿಲಿನಂತೆ ಅಡ್ಡ ಇಟ್ಟುಕೊಂಡಿತು. ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ, ಸ್ವಂತ ಕವಚವಿಲ್ಲ. ಹಾಗಾಗಿ ಸತ್ತ ಶಂಖದೊಳಗೆ ಸಂಸಾರ, ಮೈ ಬೆಳೆದಂತೆ ದೊಡ್ಡ ಶಂಖ ಹುಡುಕಿ ಸಾಮಾನು ಸಾಗಿಸುತ್ತದೆ. ಬೆಂಗಳೂರಿನ ಬಾಡಿಗೆದಾರನ ಹಾಗೇ, ಆದರೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಅದು ನನ್ನ ಬೂಟನ್ನು ಬಹಳ ಹೊತ್ತು ಪರೀಕ್ಷಿಸಿ, ಒಳಗಿನ ವಾಸನೆ ಹಿಡಿಸದೆ ಬೇರೆ ಕಡೆ ಹೊರಟಿತು. ‘ಜೀವಮಾನವೆಲ್ಲ ಮನೆ ಹೊತ್ಕೊಂಡು ಓಡಾಡೋ ಪ್ರಾಣೀನೂ ತನಗೆ ಬೇಕಾದಷ್ಟೇ ದೊಡ್ಡದು ಹೊರುತ್ತೆ’ ಎಂದು ನನ್ನಾಕೆ ಮೂಲೆಯಲ್ಲಿದ್ದ 60 ಲೀಟರುಗಳ ಕಡೆ ನೋಡಿದಳು.

ಪಕ್ಕದ ಗುಡಿಸಲಿನಲ್ಲಿ ಜರ್ಮನಿಯ ಹುಡುಗ, ಹುಡುಗಿ. ಮನೆ ಬಿಟ್ಟು ಎಂಟು ತಿಂಗಳಾಗಿದೆಯಂತೆ. ಇಬ್ಬರ ಚೀಲ ಸೇರಿಸಿದರೂ ನನ್ನದರ ಅರ್ಧ ಆಗದು. ಕೊನೆಗೂ ನಮ್ಮ ಜಾತಿಯವರು ಸಿಕ್ಕರೆಂದು ಎದೆಯುಬ್ಬಿಸಿ ಪರಿಚಯ ಮಾಡಿಕೊಂಡೆ. ಕರ್ನಾಟಕ ಎಂದೊಡನೆ ಅವರ ಕಣ್ಣು ಅರಳಿತು. ‘ಹಂಪಿ! ಗೋಕರ್ಣ!’ ಹಂಪಿಯಲ್ಲಿ ಹರಿಗೋಲಿನಲ್ಲಿ ನದಿ ದಾಟಿದ್ದು, ಬಂಡೆ ಹತ್ತಿದ್ದು, ಕುಡ್ಲೆ, ಓಂ ತೀರಗಳಲ್ಲಿ ಉಳಿದಿದ್ದು ಎಲ್ಲ ಹೇಳಿದರು.

‘ನೀವು ಹಾಫ್ ಮೂನ್ ಬೀಚಿಗೆ ಹೇಗೆ ಹೋಗುತ್ತೀರಿ? ನಡೆದೋ, ದೋಣಿಯಲ್ಲೋ?’ ಎಂದು ಹುಡುಗಿ ಕೇಳಿದಳು. ಅಲ್ಲಿಗೆ ರಸ್ತೆಯಿಲ್ಲ ಎಂಬುದೇ ನನಗೆ ಅವಳಿಂದ ತಿಳಿದದ್ದು. ನಾನು ಗೋಕರ್ಣಕ್ಕೆ ಹೋಗಿದ್ದು ಅಪ್ಪನ ಕಾರ್ಯಕ್ಕೆ. ಕೋಟಿತೀರ್ಥದ ಮೆಟ್ಟಿಲಿಂದ ಪುರೋಹಿತರ ಮನೆ, ಅಲ್ಲಿಂದ ಊಟ, ಊಟದಿಂದ ಬಸ್. ‘ನಾವು ಸಾಮಾನ್ಯವಾಗಿ ಬಸ್ಸಿನಲ್ಲಿ’ ಎಂದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

ಅದಕ್ಕಿಂತ ನನ್ನನ್ನು ಘಾಸಿಗೊಳಿಸಿದ್ದು ಆ ಹುಡುಗನ ನೋಟ್‌ಬುಕ್. ಎಂಟು ತಿಂಗಳ ಸ್ವಾತಂತ್ರ್ಯದ ಗುಟ್ಟು ತಿಳಿಯೋಣವೆಂದು ಇಣುಕಿದರೆ, ಸ್ಕೇಲ್ ಇಟ್ಟು ಗೆರೆ ಎಳೆದ ಪಟ್ಟಿ! ಸೂರ್ಯೋದಯ ಎಷ್ಟಕ್ಕೆ, ಸೂರ್ಯಾಸ್ತ ಎಷ್ಟಕ್ಕೆ, ಉಬ್ಬರ ಯಾವಾಗ, ಇಳಿತ ಯಾವಾಗ, ಹಡಗು ಯಾವಾಗ. ‘ಉಬ್ಬರ ದಿನಾ ಸುಮಾರು 50 ನಿಮಿಷ ಹಿಂದೆ ಬೀಳುತ್ತದಲ್ಲ, ಬರೆದಿಟ್ಟುಕೊಳ್ಳದಿದ್ದರೆ ಹೇಗೆ?’ ಎಂದ. ‘ನಮ್ಮವರಿಗೆ ಬರೆದಿಟ್ಟುಕೊಳ್ಳೋ ಅಭ್ಯಾಸ ಇಲ್ಲ’ ಎಂದು ನನ್ನಾಕೆ ಅವರಿಗೆ ಗೊಜ್ಜವಲಕ್ಕಿ ಬಡಿಸಿದಳು. ಚೀಲದಲ್ಲಿ ಅದರ ಸಂಗ್ರಹ ಆಗಲೂ ಅಕ್ಷಯವಾಗಿತ್ತು.

ನಮ್ಮ ಸ್ಕೂಬಾ ಡೈವಿಂಗ್ ಆದದ್ದು ಅವರ ಒತ್ತಾಯಕ್ಕೆ. ಈಜು ಬಾರದವರೂ ಹೋಗಬಹುದು, ಒಬ್ಬೊಬ್ಬರಿಗೆ ಒಬ್ಬ ತರಬೇತುದಾರ, ಮೊದಲ ಸಲದವರಿಗೆ 12 ಮೀಟರಿಗಿಂತ ಆಳವಿಲ್ಲ. ಭಯಪಡಬೇಕಾದದ್ದು ಈಜು ಬಾರದ ನನ್ನಾಕೆ. ತೊಂದರೆ ಕೊಟ್ಟದ್ದು ನನ್ನ ಮೀಸೆ. ಮಾಸ್ಕ್ ಮುಖಕ್ಕೆ ಗಾಳಿಯಾಡದಂತೆ ಅಂಟಿ ಕೂರಬೇಕು, ಮೀಸೆಯ ಕೂದಲಿನ ಸಂದಿನಿಂದ ನೀರು ನುಗ್ಗುತ್ತದೆ. ‘ಬೋಳಿಸ್ತೀರಾ, ವ್ಯಾಸಲೀನ್ ಹಚ್ಚಲಾ?’ ಎಂದ ತರಬೇತುದಾರ. ಮದುವೆಯ ಆಲ್ಬಮ್ಮಿನಲ್ಲೂ ಇರುವ ಮೀಸೆ ಅದು. ವ್ಯಾಸಲೀನ್ ಎಂದೆ. ಅರ್ಧ ಡಬ್ಬಿ ಬಳಿದ ಮೇಲೆ ಮೀಸೆ ಎರಡು ಜಡೆಯಾಗಿ ತುಟಿಯ ಆಚೀಚೆ ಇಳಿಬಿದ್ದಿತು.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು, ತೋರುಬೆರಳು ಜೋಡಿಸಿ ಸೊನ್ನೆ ಮಾಡಿದರೆ ‘ಎಲ್ಲ ಸರಿ’. ಹೆಬ್ಬೆರಳು ಮೇಲೆತ್ತಿದರೆ ‘ನನ್ನನ್ನು ಮೇಲಕ್ಕೆ ಒಯ್ಯಿ’. ದಡದಲ್ಲಿ ಇದನ್ನೆಲ್ಲ ಹೇಳುವಾಗ ನಾನು ಮೀಸೆಯ ಯೋಗಕ್ಷೇಮದಲ್ಲಿದ್ದೆ. ಕೆಳಗೆ ಹವಳದ ನಡುವಿನಿಂದ ಕಿತ್ತಳೆ, ಬಿಳಿ ಪಟ್ಟೆಯ ಪುಟ್ಟ ಮೀನು ಇಣುಕಿದ್ದೇ ತಡ, ಸೂಪರ್ ಎಂದು ಹೆಬ್ಬೆರಳೆತ್ತಿದೆ. ತರಬೇತುದಾರ ನನ್ನನ್ನು ಮೇಲಕ್ಕೆ ತಂದ. ‘ಏನಾಯ್ತು?’ ‘ಏನಿಲ್ಲ, ಚೆನ್ನಾಗಿದೆ.’ ಮತ್ತೆ ಇಳಿದೆವು. ಗಿಣಿಬಣ್ಣದ ಮೀನು ಬಂತು. ಕೈ ತಾನಾಗಿ ಎದ್ದಿತು. ಮತ್ತೆ ಮೇಲೆ. ಹೀಗೆ ಹತ್ತಿ ಇಳಿಯುವುದರಲ್ಲಿ ನನ್ನ ಹೊತ್ತು ಕಳೆಯಿತು. ಕೆಳಗೆ ನನ್ನಾಕೆ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದವಳು, ಸೊನ್ನೆ ತೋರಿಸುತ್ತಾ ಇಡೀ ಸಮುದ್ರವನ್ನು ನೋಡಿ ಬಂದಳು.

ಮುಂದಿನ ದ್ವೀಪಕ್ಕೆ ಹೊರಡುವ ದಿನ ಜೆಟ್ಟಿಯ ಕಿಟಕಿಯಲ್ಲಿ ಗತ್ತಿನಿಂದ, ಹಿಂದಿಯಲ್ಲಿ, ‘ಸ್ವರಾಜ್ ದ್ವೀಪಕ್ಕೆ ಎರಡು’ ಎಂದೆ. ಒಳಗಿದ್ದವರು ಕನ್ನಡಕದ ಮೇಲಿಂದ ನೋಡಿದರು. ‘ಈಗ ನಿಂತಿರೋದು ಎಲ್ಲಿ?’ ‘ಹ್ಯಾವ್ಲಾಕ್‌ನಲ್ಲಿ.’ ಅವರು ಪೆನ್ನಿನ ತುದಿಯಿಂದ ಗೋಡೆಯ ಬೋರ್ಡು ತೋರಿಸಿದರು. 1857ರ ದಂಗೆ ಹತ್ತಿಕ್ಕಿದ ಬ್ರಿಟಿಷ್ ಸೇನಾನಿಗಳ ಹೆಸರು ಹೊತ್ತಿದ್ದ ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಗಿ, ನೀಲ್ ಶಹೀದ್ ದ್ವೀಪವಾಗಿ ಬದಲಾದದ್ದು 2018ರ ಡಿಸೆಂಬರ್ 30ರಂದು, ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿ 75 ವರ್ಷ ತುಂಬಿದಾಗ. ನಾನು ಅವುಗಳನ್ನು ನಾಲ್ಕು ದ್ವೀಪ ಎಂದು ತಿಳಿದು ಮನೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೆ. ‘ಎರಡು ದ್ವೀಪ ಉಳಿತಾಯ ಆಯ್ತು ಬಿಡಿ’ ಎಂದಳು ನನ್ನಾಕೆ.

ನೀಲ್‌ನಲ್ಲಿ ಹಳ್ಳಿಗಳ ಹೆಸರು ಬಹುತೇಕ ರಾಮಾಯಣದವು: ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. ಲಕ್ಷ್ಮಣಪುರದ ಬಳಿ ಸಮುದ್ರವೇ ಕೊರೆದ ಕಲ್ಲಿನ ಕಮಾನಿದೆ, ಬಂಗಾಳಿಗಳು ಪ್ರೀತಿಯಿಂದ ಹೌರಾ ಬ್ರಿಡ್ಜ್ ಅನ್ನುತ್ತಾರೆ. ಅದನ್ನು ನೋಡಬೇಕಾದರೆ ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ನಡೆದು ಹೋಗಬೇಕು. ನಾವು ತಲುಪಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ತುಂಬು ಉಬ್ಬರದಲ್ಲಿ. ಈಜಲು ಹೋದಾಗ ಇಲ್ಲದ ನೀರೆಲ್ಲ ಇಲ್ಲಿ ಬಂದು ಕಾದಿತ್ತು. ಮತ್ತೆ ಇಳಿಯುವುದು ಸಂಜೆ ಆರರ ಮೇಲೆ, ನಮ್ಮ ಹಡಗು ಅದಕ್ಕೂ ಮೊದಲೇ. ದಾರಿ ಬದಿಯ ಅಂಗಡಿಯಲ್ಲಿ ಪರಂಗಿಹಣ್ಣಿನ ಹೋಳು ತಿನ್ನುತ್ತಾ ಮೇಷ್ಟ್ರು ಪತ್ನಿಯ ಜೊತೆ ಕೂತಿದ್ದರು. ಬೆಳಗಿನ ಇಳಿತದಲ್ಲಿ ಕಮಾನಿನ ಕೆಳಗೆ ನಿಂತು ತೆಗೆಸಿಕೊಂಡ ಫೋಟೊ ತೋರಿಸಿದರು. ಅದರಲ್ಲಿ 36 ಕೇಸರಿ ಟೋಪಿ.

ನನಗೆ ಇದ್ದದ್ದು ಸಿದ್ಧಾಂತ ಒಂದೇ. ಅದನ್ನೇ ಬಿಚ್ಚಿದೆ. ‘ಮೇಷ್ಟ್ರೇ, ಎಲ್ಲ ನೋಡಿದಿರಿ, ನಿಜ. ಆದರೆ ವಿಷಲ್ ಕೇಳಿ ನೋಡಿದ್ದು. ಒಂದು ದಿನವಾದರೂ ತಂಡ ಬಿಟ್ಟು, ಇಷ್ಟ ಬಂದಲ್ಲಿ ಕೂತು ನೋಡಿ. ಸ್ವಾತಂತ್ರ್ಯದ ರುಚಿ ಗೊತ್ತಾಗುತ್ತೆ.’ ಮೇಷ್ಟ್ರು ಪತ್ನಿಯ ಮುಖ ನೋಡಿದರು. ಆಕೆ ತಲೆಯಾಡಿಸಿದರು. ‘ಬಿಸಿಲು ಜೋರಿದೆ, ನಿಮ್ಮ ತಲೆ ಸುಡ್ತಿದೆ’ ಎಂದು ಮೇಷ್ಟ್ರು ತಮ್ಮ ಟೋಪಿ ತೆಗೆದು ನನಗೆ ಹಾಕಿದರು. ಆಕೆ ತಮ್ಮದನ್ನು ನನ್ನಾಕೆಗೆ ಹಾಕಿದರು. ನನ್ನ ಮಾತಿಗೆ ಸಂದ ಸನ್ಮಾನವೆಂದು ಭಾವಿಸಿ ಕೈಮುಗಿದೆ.

ಮಧ್ಯಾಹ್ನದ ಹಡಗಿನ ಡೆಕ್ ಮೇಲೆ ಭಟ್ಟರು ಬಿಸಿಬೇಳೆಬಾತು ಬಡಿಸುತ್ತಿದ್ದರು. ನಾವು ಗೊಜ್ಜವಲಕ್ಕಿಯನ್ನು ಮುಖ ತಿರುಗಿಸಿ ತಿನ್ನುವ ಸ್ಥಿತಿ ತಲುಪಿದ್ದೆವು. ಅಜ್ಜಿ ಕೈಹಿಡಿದು ತಂಡದ ನಡುವೆ ಕೂರಿಸಿದರು. ಮ್ಯಾನೇಜರ್ ಬೆರಳು ಆಡಿಸುತ್ತಾ ಸಾಲಿನುದ್ದಕ್ಕೂ ಬಂದ. ‘ಮೂವತ್ನಾಲ್ಕು, ಮೂವತ್ತೈದು, ಮೂವತ್ತಾರು. ಸರಿ ಇದೆ.’ ವಿಷಲ್ ಊದಿದ. ಹಡಗು ಹೊರಟಿತು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಪೋರ್ಟ್ ಬ್ಲೇರ್ ಹೋಟೆಲಿನಲ್ಲಿ ಕೀಲಿ ಹಂಚುವಾಗ ಮೇಷ್ಟ್ರ ಹೆಸರು ಕೂಗಿದರೆ ಉತ್ತರವಿಲ್ಲ. ಅಜ್ಜಿಯ ದೊಡ್ಡ ಬ್ಯಾಗನ್ನು ಆಟೋದಿಂದ ಇಳಿಸಿಕೊಡಲು ಬಂದಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿ ನನ್ನ ತಲೆಯನ್ನೇ ದಿಟ್ಟಿಸಿ, ‘ಆ ಟೋಪಿ ಮೇಷ್ಟ್ರದ್ದಲ್ವೇನೋ?’ ಎಂದರು. ಮ್ಯಾನೇಜರ್ ಬಿಳುಚಿಕೊಂಡು ಫೋನ್ ಮಾಡಿ ಸ್ಪೀಕರ್ ಹಾಕಿದ.

‘ಭರತಪುರದ ದಂಡೇಲಿ ಕೂತಿದೀವಪ್ಪ’ ಎಂದರು ಮೇಷ್ಟ್ರು, ಹಿಂದೆ ಅಲೆಯ ಸದ್ದು. ‘ಪಕ್ಕದಲ್ಲಿ ಜರ್ಮನಿಯ ಇಬ್ಬರು ಹುಡುಗರಿದಾರೆ, ಉಬ್ಬರ ಇಳಿತದ ಲೆಕ್ಕ ಬಹಳ ಚೆನ್ನಾಗಿ ಇಟ್ಟಿದಾರೆ. ನಾಳೆ ಸೀತಾಪುರದಲ್ಲಿ ಸೂರ್ಯೋದಯ ನೋಡ್ಕೊಂಡು ಹಡಗಿಗೆ ಬರ್ತೀವಿ. ಟಿಕೆಟ್ ನಿನ್ನೇನೇ ತಗೊಂಡಿದ್ದೆ.’

‘ನಿನ್ನೇನೇ? ಮತ್ತೆ ನಾನು ಎಣಿಸಿದಾಗ ಸರಿ ಇತ್ತಲ್ಲ ಸಾರ್!’

‘ನೀನು ತಲೆ ಎಣಿಸಲ್ಲ, ಟೋಪಿ ಎಣಿಸ್ತೀಯ. ಮೊದಲ ದಿನವೇ ನೋಡಿದ್ದೆ. ಹಾಕೋಕೆ ಎರಡು ತಲೆ ಹುಡುಕ್ತಿದ್ದೆ ಅಷ್ಟೆ. ನಮ್ಮ ರೂಮು ಖಾಲಿ ಬಿಡಬೇಡ, ದುಡ್ಡು ಕೊಟ್ಟಿದೀವಿ. ಆ ಚೀಲ ಹೊತ್ತವರಿಗೆ ಕೊಡು.’

ಏಸಿ, ಬಿಸಿನೀರು, ಮೆತ್ತನೆಯ ಹಾಸಿಗೆ. ನನ್ನಾಕೆ ಕಾರ್ಯಕ್ರಮದ ಚೀಟಿಯನ್ನು ಕನ್ನಡಿಗೆ ಸಿಕ್ಕಿಸಿ ಗಟ್ಟಿಯಾಗಿ ಓದಿದಳು: ಆರಕ್ಕೆ ಕಾಫಿ, ಏಳಕ್ಕೆ ಇಡ್ಲಿ, ಎಂಟಕ್ಕೆ ಸೆಲ್ಯುಲರ್ ಜೈಲು. ಚೀಲಗಳನ್ನು ರೂಮ್ ಬಾಯ್ ಹೊತ್ತು ತಂದು, ಉಸ್ಸಪ್ಪಾ ಎಂದು ಇಳಿಸಿ ಹೋದ. ಜೈಲು ತೋರಿಸಲು ಹೊರಟ ಬಸ್ಸಿನ ಮುಂದೆ ಬೆಳಿಗ್ಗೆ ವಿಷಲ್ ಊದಿದಾಗ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದವನು ನಾನು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು.